ಭಾನುವಾರದ ತಾರೀಖು

ಲಕ್ಷ್ಮೀಪುರಂ, ಮೈಸೂರು
21-3-2003, ಶುಕ್ರವಾರ ಬೆಳಿಗ್ಗೆ

ಸುಷ್ಮಾ ಅಕ್ಕನಿಗೆ ನಮಸ್ಕಾರ.

ನಾನು ನಿಮ್ಮ ತಂದೆಯ ಮನೆಯ ಮಹಡಿ ರೂಮಿನಲ್ಲಿರುವ ಲಾಸ್ಯ, ಫಸ್ಟ್ ಇಯರ್ ಬಿ.ಎಸ್ಸಿ. ನಿನ್ನೆಯಿಂದ ಮಾಡುತ್ತಿದ್ದೇನೆ, ನಿಮ್ಮ ಫೋನ್ ಡೆಡ್ ಇದೆ, ಅದಕ್ಕೇ ಈ ಪತ್ರ.

ನಿನ್ನೆ ಅಂಕಲ್ ತಮ್ಮದೊಂದು ಫೋಟೋ, ಬರೆದ ಒಂದು ಹಾಳೆ ಕೊಟ್ಟು ಪೇಪರ್ ಆಫೀಸಿಗೆ ಕಳಿಸಿದರು. ಹೊರ ರಾಜ್ಯದ ಹಾಸ್ಟೆಲಿನಲ್ಲಿ ಓದಿದವಳು, ಕೈಬರಹದ ಕನ್ನಡ ಓದುವುದು ನನಗೆ ನಿಧಾನ. ರಿಟೈರ್ ಆದದ್ದಕ್ಕೆ ಏನೋ ಫಂಕ್ಷನ್ ಇರಬೇಕು ಎಂದುಕೊಂಡು ಓದದೆಯೇ ಕೊಟ್ಟೆ. ಗುಮಾಸ್ತರು ನಕ್ಕುಬಿಟ್ಟರು. "ಏನಮ್ಮಾ, ಲಿಂಗೈಕ್ಯರಾದದ್ದು ಅಂತ ಬರ್ದು ಬರೋ ಭಾನುವಾರದ ತಾರೀಖು ಹಾಕಿದ್ದೀರಲ್ಲ! ಸರಿ ಮಾಡ್ಕೊಂಡು ಬನ್ನಿ."

ವಾಪಸ್ ತಂದುಕೊಟ್ಟೆ. ಅಂಕಲ್ ಸಿಟ್ಟಾಗಲಿಲ್ಲ. "ತಾರೀಖು ಸರಿಯಾಗೇ ಇದೆ ಮಗಾ. ಹೋಗ್ಲಿ ಬುಡು, ಸೋಮವಾರ ನೀನೇ ಕೊಟ್ಬುಡು" ಎಂದರು.

ಇವತ್ತು ಬೆಳಿಗ್ಗೆ ಟೀವಿಯನ್ನು ನನ್ನ ರೂಮಿಗೆ ಹೊರಿಸಿದರು. ರಿಟೈರ್ ಆದಮೇಲೆ ಒಂದು ಬಾಲ್ ಕೂಡ ಬಿಡದೆ ಮ್ಯಾಚ್ ನೋಡುತ್ತಿದ್ದವರು. ಭಾನುವಾರ ಇಂಡಿಯಾ ವರ್ಲ್ಡ್ ಕಪ್ ಫೈನಲ್ ಆಡುತ್ತಿದೆ ಅಕ್ಕಾ.

ನಾನು ಕಾಲೇಜಿಗೆ ಹೋಗದೆ ಕೆಳಗೆ ಅವರ ಹತ್ತಿರವೇ ಕೂತಿರುತ್ತೇನೆ. ಪತ್ರ ತರುವ ಡ್ರೈವರ್ ಬೀರಯ್ಯನವರ ಬಸ್ಸು ಚಾಮರಾಜನಗರದಿಂದ ಮಧ್ಯಾಹ್ನ ಎರಡಕ್ಕೆ ವಾಪಸ್ ಹೊರಡುತ್ತದಂತೆ. ದಯವಿಟ್ಟು ಅದರಲ್ಲೇ ಬನ್ನಿ. ನಾನು ಬರೆದೆ ಎಂದು ಹೇಳಬೇಡಿ. ಮ್ಯಾಚ್ ನೋಡಲು ಬಂದೆ ಅನ್ನಿ.

ನಿಮ್ಮ ದಾರಿ ಕಾಯುತ್ತಿರುವ,
ಲಾಸ್ಯ