ರಕ್ಷಾಕವಚದೊಳಗಿನ ರಟ್ಟು

ಸೈನಿಕರು ಎಷ್ಟು ಭಾರ ಹೊರಬೇಕೆಂದು ನಿರ್ಧರಿಸುವ ಮಾನ್ಯ ಅಧಿಕಾರಿಗಳೇ,

ತಮ್ಮ ನಿಯಮದ ಪ್ರಕಾರ ರಕ್ಷಾಕವಚದಲ್ಲಿ ಗುಂಡು ತಡೆಯುವ ನಾಲ್ಕು ಫಲಕಗಳಿರಬೇಕು: ಎದೆಗೊಂದು, ಬೆನ್ನಿಗೊಂದು, ಪಕ್ಕೆಗಳಿಗೆರಡು. ನನ್ನ ಗಂಡನ ಕವಚದಲ್ಲಿರುವುದು ಎದೆಯದೊಂದೇ. ಉಳಿದ ಕಡೆ ರಟ್ಟು. ತಪಾಸಣೆಗೆ ಬಂದವರು ಉಬ್ಬಿದ ಜೇಬುಗಳನ್ನು ನೋಡಿ "ಭೇಷ್" ಎಂದು ಮುಂದೆ ಹೋಗುತ್ತಾರಂತೆ. ಕಡತಕ್ಕೆ ಅಷ್ಟು ರಕ್ಷಣೆ ಸಾಕಲ್ಲವೇ?

ಹೆಸರು ಮಾತ್ರ ಕೇಳಬೇಡಿ. ಶಿಕ್ಷಿಸಲು ಹೊರಟರೆ ಇಡೀ ತುಕಡಿಯನ್ನೇ ಸಾಲಾಗಿ ನಿಲ್ಲಿಸಬೇಕಾದೀತು.

ರಜೆಗೆ ಬಂದ ನನ್ನವರು ಮೊನ್ನೆ ಅಡುಗೆಮನೆಯ ನೆಲದಲ್ಲಿ ಕೂತು, ಹೊಸ ಫ್ಯಾನಿನ ಡಬ್ಬ ಕತ್ತರಿಸುತ್ತಿದ್ದರು. ಹಳೆಯ ರಟ್ಟು ಬೆವರಿಗೆ ಮೆತ್ತಗಾಗಿದೆಯಂತೆ. ನಾನು ರೇಗಿದೆ.

"ತಲೆ ಕೆಟ್ಟಿದ್ಯಾ ನಿಮಗೆ? ರಟ್ಟು ಗುಂಡು ತಡೆಯುತ್ತಾ?"

"ತಡೆಯಲ್ಲ ಕಣೇ. ಆದ್ರೆ ಓಡೋಕೆ ಬಿಡುತ್ತೆ."

ಆಮೇಲೆ ಉದ್ದಣ್ಣನ ವಿಷಯ ಹೇಳಿದರು. ತುಕಡಿಯಲ್ಲೇ ಎತ್ತರದ ಆಳು, ಇವರ ಜೊತೆಗಾರ. ನಾಲ್ಕೂ ಫಲಕ, ನೀರು, ಮದ್ದುಗುಂಡು, ಮೇಲೊಂದು ರೇಡಿಯೊ, ಎಲ್ಲವನ್ನೂ ನಿಯಮದಂತೆ ಹೊತ್ತಿದ್ದ. ದಾಳಿ ಶುರುವಾದಾಗ ಎದುರಿಗಿದ್ದದ್ದು ಎದೆಮಟ್ಟದ ಒಂದು ಗೋಡೆ. ಅವನು ಎರಡು ಸಲ ಎಗರಿದ, ಎರಡು ಸಲವೂ ಜಾರಿದ. ಹೇಗೋ ಮೊದಲೇ ದಾಟಿದ್ದ ನನ್ನ ಗಂಡ ಆಚೆಯಿಂದ ಕೈ ಹಿಡಿದು ಎಳೆದರು. ಆ ಭಾರ ಮೇಲೇಳಲಿಲ್ಲ. ಗುಂಡು ತಗುಲಿದ್ದು ಕುತ್ತಿಗೆಗೆ. ಫಲಕಗಳ ಮೇಲೆ ಒಂದು ಗೀರೂ ಇರಲಿಲ್ಲ. ಸರ್ಕಾರದ ಆಸ್ತಿ ಭದ್ರವಾಗಿತ್ತು, ಮಾನ್ಯರೇ! ರಟ್ಟು ಶುರುವಾದದ್ದು ಅಂದಿನಿಂದ.

ಹಾಗೆಂದು ಕವಚವೇ ಬೇಡ ಎನ್ನುವಷ್ಟು ಮೂರ್ಖಳಲ್ಲ ನಾನು. ಇವರ ಎದೆಯ ಫಲಕಕ್ಕೊಮ್ಮೆ ಗುಂಡು ಬಡಿದಿದೆ. ಇವರು ಬದುಕಿರುವುದೇ ಅದರಿಂದ. ನಾಳೆ ಬೆನ್ನಿಗೂ ಬಡಿಯಬಹುದು. ಹೊತ್ತರೆ ಗೋಡೆ ದಾಟಲಾರರು, ಬಿಟ್ಟರೆ ಬೆನ್ನು ಬಯಲು. ಅತ್ತ ದರಿ, ಇತ್ತ ಪುಲಿ. ಈ ನಿಯಮಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದರೂ ಆ ಕವಚ ತೊಟ್ಟು ಒಂದು ಗೋಡೆ ಹತ್ತಿದ್ದಾರೆಯೇ? ಗೋಡೆ ಬೇಡ, ತಮ್ಮ ಕಚೇರಿಯ ಮೆಟ್ಟಿಲು?

ಹಗುರವಾದ ಫಲಕ ಕೊಡಿ. ಅಲ್ಲಿಯವರೆಗೆ ಯಾವ ಕೆಲಸಕ್ಕೆ ಯಾವ ಫಲಕ ಎಂಬುದನ್ನು ಸೈನಿಕರ ಜೊತೆ ನಡೆಯುವ ನಾಯಕನೇ ತೀರ್ಮಾನಿಸಲಿ. ನಿಂತು ಕಾಯುವವನು ನಾಲ್ಕೂ ಹೊರಲಿ, ಓಡಬೇಕಾದವನಿಗೆ ಓಡಲು ಬಿಡಿ. ಕೈಮುಗಿದು ಕೇಳುತ್ತೇನೆ, ಬೇಗ ಮಾಡಿ. ನನಗೆ ಇನ್ನು ತಡೆದುಕೊಳ್ಳುವ ಶಕ್ತಿಯಿಲ್ಲ.

ನಾಳೆ ಅವರು ಹೊರಡುತ್ತಾರೆ. ಪಕ್ಕೆಗಳ ರಟ್ಟು ಆಯಿತು, ಬೆನ್ನಿನದು ಬಾಕಿ. ಕತ್ತರಿಯನ್ನು ನಾನು ಬಚ್ಚಿಟ್ಟಿದ್ದೇನೆ. "ಎಲ್ಲಿಟ್ಟಿದ್ಯೇ? ಕೊಡೇ, ಹೊತ್ತಾಯ್ತು" ಎಂದು ಅಡುಗೆಮನೆಯಿಂದ ಕೂಗುತ್ತಿದ್ದಾರೆ. ಕೊಡಲೇ, ಬೇಡವೇ? ತಾವೇ ಹೇಳಿ.

ಇಂತಿ,
ತಮ್ಮ ಉತ್ತರ ಬರುವ ಮೊದಲೇ ಕತ್ತರಿ ಕೊಡಬೇಕಾಗಿರುವ
ಒಬ್ಬ ಸಿಪಾಯಿಯ ಹೆಂಡತಿ