ಕ್ಷಮಿಸಿ ಆಶೀರ್ವದಿಸು

ಜೂನ್ 2, ಸೋಮವಾರ

ಬೆಳಿಗ್ಗೆಯಿಂದ ಪಾಸ್ಟರ್ ಅಯ್ಯನವರ ಕಟ್ಟುಹಲ್ಲಿನ ಮೇಲ್ದವಡೆಯ ಜೊತೆ ಗುದ್ದಾಟ. ಹಲ್ಲಿನ ಡಾಕ್ಟರ್ ಕಳಿಸಿದ ಅಚ್ಚಿನಲ್ಲಿ ಗಾಳಿಗುಳ್ಳೆ ಇತ್ತು. ಪ್ಲಾಸ್ಟರ್ ಎರಡು ಸಲ ಸುರಿಯಬೇಕಾಯಿತು. ಈಗ ಮೇಣದ ಮೇಲೆ ಹಲ್ಲು ಜೋಡಿಸಿಟ್ಟಿದ್ದೇನೆ. ನಮ್ಮ ಚರ್ಚಿನ ಪಾಸ್ಟರು ನನ್ನ ಮೇಜಿನ ಮೇಲೆ ಕುಳಿತು ನಗುತ್ತಿರುವ ಹಾಗಿದೆ. ಎದುರಿಗೆ ಸಿಕ್ಕಾಗ ಇಷ್ಟು ನಕ್ಕವರಲ್ಲ.

ಮಧ್ಯಾಹ್ನ ಮಗಳು ಲ್ಯಾಬಿಗೆ ಬಂದಳು. ಊಟದ ಡಬ್ಬಿ ತಂದಿದ್ದಳು — ಅಂದರೆ ಏನೋ ಕೇಳುವುದಿದೆ. ಮದುವೆಯಾಗುತ್ತಾಳಂತೆ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಆ ಹುಡುಗನನ್ನು. ಇದು ಗೊತ್ತಿದ್ದದ್ದೇ. ಮುಂದಿನದು ಗೊತ್ತಿರಲಿಲ್ಲ.

"ನಮ್ಮ ಚರ್ಚಲ್ಲೇ ಆಗ್ಬೇಕು ಅಪ್ಪ."

"ಮೊದಲನೇದೂ ಅಲ್ಲೇ ಆಗಿದ್ದು" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

"ಅದಕ್ಕೇ ಹೇಳ್ತಿರೋದು. ಆ ಜಾಗದಲ್ಲಿ ಅದೊಂದೇ ನೆನಪು ಉಳಿಯೋದು ಬೇಡ."

ವಿಚ್ಛೇದನ ಆದವರ ಮರುಮದುವೆಗೆ ನಮ್ಮಲ್ಲಿ ಆಶೀರ್ವಾದ ಕೊಟ್ಟದ್ದಿಲ್ಲ. ಹಿರಿಯರ ಮಂಡಳಿ ಒಪ್ಪಿದರೆ ಕೊಡಬಹುದು. ಮಂಡಳಿಯಲ್ಲಿ ನಾನೂ ಒಬ್ಬ. ಕೇಳಿ ನೋಡ್ತೀನಿ ಅಂದೆ. ಎದ್ದು ಹೋಗುವಾಗ ನನ್ನ ತಲೆಯ ಮೇಲಿನ ಪ್ಲಾಸ್ಟರ್ ಪುಡಿ ಒರೆಸಿದಳು. ಚಿಕ್ಕಂದಿನಿಂದಲೂ ಅವಳಿಗೆ ಅದೊಂದು ಅಭ್ಯಾಸ.

ಜೂನ್ 5, ಗುರುವಾರ

ಸುದ್ದಿಗೆ ಕಾಲು ಬಂದಿದೆ. ತಮ್ಮ ಹಾಜರ್. ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಮನೆಯಲ್ಲೂ ನಿಂತುಕೊಂಡೇ ಮಾತಾಡುತ್ತಾನೆ. ಅವನೂ ಮಂಡಳಿಯಲ್ಲಿದ್ದಾನೆ. ಚರ್ಚಿನ ಲಿಬರಲ್‌ಗಳಿಗೆ ಇವನೇ ಮುಂದಾಳು — ಹೆಂಗಸರೂ ಬೋಧಿಸಲಿ, ಯಾರನ್ನೂ ಹೊರಗಿಡಬಾರದು, ಇತ್ಯಾದಿ. ಅವನ ಹೆಂಡತಿ ಅವನೆದುರು ಒಂದು ವಾಕ್ಯ ಪೂರ್ತಿ ಮಾಡಿದ್ದನ್ನು ಮಾತ್ರ ನಾನು ಕಂಡಿಲ್ಲ.

"ಇದನ್ನ ಬಿಡೋ ಹಾಗಿಲ್ಲ ಅಣ್ಣ. ಇಂಥ ಒಳ್ಳೇ ಕೇಸು ಮತ್ತೆ ಸಿಗಲ್ಲ."

"ಕೇಸಲ್ಲ ಕಣೋ, ಮಗಳು."

"ನೀನು ಕನ್ಸರ್ವೇಟಿವ್ ಅಂತ ಗೊತ್ತು. ಆದ್ರೂ ಸ್ವಂತ ಮಗಳ ವಿಷ್ಯದಲ್ಲಾದ್ರೂ..."

ಮನೆಯಲ್ಲಿ ನಾನು ಕನ್ಸರ್ವೇಟಿವ್. ಮಂಡಳಿಯಲ್ಲಿ ಲಿಬರಲ್ — ಹೋದ ವರ್ಷ ಆರಾಧನೆಗೆ ಗಿಟಾರ್ ಬರಲಿ ಅಂತ ಕೈ ಎತ್ತಿದ್ದಕ್ಕೆ. ಎರಡೂ ಕಡೆ ಅದನ್ನು ಬೈಗುಳದ ಹಾಗೇ ಹೇಳುತ್ತಾರೆ. ಸತ್ಯವೇದವನ್ನು ಅಕ್ಷರ ಅಕ್ಷರ ನಂಬುತ್ತೇನೆ. ಮಗಳನ್ನೂ ನಂಬುತ್ತೇನೆ. ಇಂಥವನಿಗೆ ಏನು ಹೆಸರಿದೆಯೋ, ಇಟ್ಟುಕೊಳ್ಳಲಿ.

ಜೂನ್ 8, ಭಾನುವಾರ

ಕರ್ತನ ಭೋಜನ. ರೊಟ್ಟಿಯ ತಟ್ಟೆ ಹಿಡಿದು ಸಾಲು ಸಾಲಿಗೆ ಹೋಗುವ ಸರದಿ ನನ್ನದು. ಎರಡನೇ ಸಾಲಿನಲ್ಲಿ ಮಾಜಿ ಅಳಿಯ. ತಲೆ ಬಗ್ಗಿಸಿ ತೆಗೆದುಕೊಂಡ. ಅವನು ಎಲ್ಲರೆದುರು ಅತ್ತಿದ್ದಾನೆ, ಪಶ್ಚಾತ್ತಾಪ ಪಟ್ಟಿದ್ದಾನೆ, ಮರುಮದುವೆ ಆಗಿಲ್ಲ. ಆದ್ದರಿಂದ ಅವನ ಮೇಲೆ ಯಾರಿಗೂ ತಕರಾರಿಲ್ಲ.

ಅವನ ಹೊಡೆತಕ್ಕೆ ಮುರಿದ ಮಗಳ ಮುಂಭಾಗದ ಹಲ್ಲಿನ ಜಾಗಕ್ಕೆ ಹೊಸದನ್ನು ಮಾಡಿದವನು ನಾನು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದುವ ತನಕ ಪಿಂಗಾಣಿಯನ್ನು ಮತ್ತೆ ಮತ್ತೆ ಕುಲುಮೆಗಿಟ್ಟೆ. ಈಗ ಯಾವುದು ಅವಳದು, ಯಾವುದು ನನ್ನದು ಅಂತ ಯಾರಿಗೂ ತಿಳಿಯುವುದಿಲ್ಲ. ಮಗಳು ಇವತ್ತು ಹಿಂದಿನ ಬೆಂಚಿನಲ್ಲಿದ್ದಳು. ತಟ್ಟೆ ಅವಳ ಹತ್ತಿರ ಹೋದಾಗ ರೊಟ್ಟಿ ಮುಟ್ಟದೆ ಮುಂದಕ್ಕೆ ದಾಟಿಸಿದಳು.

ಜೂನ್ 15, ಭಾನುವಾರ, ಸಂಜೆ

ಮಂಡಳಿ ಮುಗಿಯಿತು. ತಲೆ ಗಿರ್ರೆನ್ನುತ್ತಿದೆ, ಆದರೆ ಖುಷಿ! ಬರೆದಿಡಬೇಕು.

ಹಿರಿಯರಲ್ಲಿ ಹಿರಿಯರು ಕಬ್ಬಿಣದಂಗಡಿಯವರು. ಅವರು ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಹೇಗೆ ಅನ್ನುತ್ತಾರೆ ಅಂತ ಗೊತ್ತಿರಲಿಲ್ಲ. "ನಮ್ಮನೆಯವಳು ಹಾಸಿಗೆ ಹಿಡಿದು ಎಷ್ಟು ವರ್ಷ ಆಯ್ತು, ನಿಮಗೆಲ್ಲ ಗೊತ್ತು. ನನ್ನ ಗುರುತೂ ಇಲ್ಲ ಅವಳಿಗೆ. ಬಿಟ್ಟು ಹೋಗು ಅಂತ ನಂಗೂ ಎಷ್ಟೋ ಜನ ಹೇಳಿದ್ರು. ಅಲ್ಲಿ ನಿಂತು ಮಾತು ಕೊಟ್ಟಿದ್ದೆ ಅಂತ ಇದ್ದೀನಿ. ಇವತ್ತು ನೀವು ಆ ಮಾತು ಮುರಿದ್ರೂ ನಡೆಯುತ್ತೆ ಅಂದ್ರೆ, ನಾನು ಮಾಡಿದ್ದು ಏನು ಹಾಗಾದ್ರೆ?"

ತಮ್ಮನ ಕಡೆಯವರು ಆಶೀರ್ವಾದ ಬೇಕೇ ಬೇಕು ಅಂದರು. ಅಯ್ಯನವರು ಹಲ್ಲಿಲ್ಲದ ಬಾಯಲ್ಲಿ ಪಿಸಪಿಸ ಅಂದದ್ದು ಇಷ್ಟು: ಆರಾಧನೆ ಮುಗಿದ ಮೇಲೆ ಚಿಕ್ಕದೊಂದು ಪ್ರಾರ್ಥನೆ ಮಾಡಲು ತಾವು ತಯಾರು. 'ಇವರನ್ನು ಕ್ಷಮಿಸು' ಎಂದಾದರೆ ಕಬ್ಬಿಣದಂಗಡಿಯವರ ಅಡ್ಡಿಯಿಲ್ಲ. 'ಇವರನ್ನು ಆಶೀರ್ವದಿಸು' ಎಂದಾದರೆ ತಮ್ಮನವರ ಅಡ್ಡಿಯಿಲ್ಲ. ಯಾವುದು ಹೇಳಲಿ?

ಆಗ ಹೊಳೆಯಿತು ನನಗೆ. 'ಇವರನ್ನು ಕ್ಷಮಿಸಿ ಆಶೀರ್ವದಿಸು.' ಒಂದೇ ಉಸಿರಿಗೆ ಎರಡೂ. ಮೇಲಿನ ಹಲ್ಲಿಗೆ ಕೆಳಗಿನದು ಕೂರದಿದ್ದರೆ ನಾನು ಮಾಡುವುದೂ ಅದೇ — ಎರಡೂ ಕಡೆ ಒಂದೊಂದು ಕೂದಲೆಳೆ ಉಜ್ಜುವುದು. ಕಬ್ಬಿಣದಂಗಡಿಯವರು ಹೂಂ ಎಂದು ತಲೆಯಾಡಿಸಿದರು. ತಮ್ಮನೂ ಗೊಣಗುತ್ತ ಒಪ್ಪಿದ. ಹೊರಗೆ ಬಂದಾಗ ಅಯ್ಯನವರು ನನ್ನ ಬೆನ್ನು ತಟ್ಟಿದರು.

ಜೂನ್ 16, ಸೋಮವಾರ

ಮಗಳಿಗೆ ಹೇಳಿದೆ. ಸಿಹಿ ಸುದ್ದಿ ಅಂತಲೇ ಹೇಳಿದೆ, ಪೆದ್ದ.

"ಯಾವುದಕ್ಕೆ ಕ್ಷಮೆ ಅಪ್ಪ?"

"ಅದೊಂದು ಮಾತು ಅಷ್ಟೇ ಪುಟ್ಟಿ. ನಾವೆಲ್ಲ ಪಾಪಿಗಳೇ ಅಲ್ವಾ?"

"ನಾವೆಲ್ಲ ಅಂತ ಹೇಳಲ್ವಲ್ಲ. ಇವರನ್ನು ಅಂತೀರ. ಹೊಡೆದವನು ಎರಡನೇ ಸಾಲಲ್ಲಿ ಕೂತಿರ್ತಾನೆ. ಅವನೆದುರು ನಾನು ನಿಂತು ಕ್ಷಮಿಸಿಕೊಳ್ಬೇಕಾ?" ಹಲ್ಲಿನ ಮೇಲೆ ಬೆರಳಿಟ್ಟಳು. "ಇದಕ್ಕಾ?"

ನಾನು ಏನೋ ವಿವರಿಸಿದೆ. ಎಷ್ಟು ಕಷ್ಟಪಟ್ಟು ಎಲ್ಲರನ್ನೂ ಒಪ್ಪಿಸಿದೆ, ಆ ಪದ ಮೊದಲು ಬಂದರೂ ಕೊನೆಗೆ ನಿಲ್ಲುವುದು ಆಶೀರ್ವಾದವೇ, ವ್ಯಾಕರಣ, ಹಾಳುಮೂಳು. ಕೇಳಿಸಿಕೊಂಡಳು. "ಯಾರ್ ಬರೆದಿದ್ದು ಈ ವಾಕ್ಯ?" ಅಂದಳು. "ನಾನೇ" ಅಂದೆ. ಅವಳು ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಜುಲೈ 6, ಭಾನುವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಮಗಳು ಒಪ್ಪಲಿಲ್ಲ ಎಂದು ತಿಳಿದದ್ದೇ ತಡ, ಎಲ್ಲರೂ ಹಿಂದೆ ಸರಿದರು. ಕಬ್ಬಿಣದಂಗಡಿಯವರು "ಕ್ಷಮೆಯೇ ಬೇಡ ಅನ್ನೋರಿಗೆ ಆಶೀರ್ವಾದ ಎಲ್ಲಿಂದ ತರೋದು?" ಅಂದರು. ತಮ್ಮ "ಆ ಪದ ಸೇರಿಸಿದವನೇ ನಮ್ಮಣ್ಣ" ಅಂತ ಊರೆಲ್ಲ ಸಾರಿದ. ಅವನ ಕಡೆಯವರು ಇವತ್ತಿನಿಂದ ಬೇರೆ — ಶಾಲೆಯ ಹಾಲ್‌ನಲ್ಲಿ ಆರಾಧನೆ. ಮೊದಲ ಕಾರ್ಯಕ್ರಮ ನಿನ್ನ ಮದುವೆಯೇ ಆಗಲಿ, ಫೋಟೋ ವಿಡಿಯೋ ಎಲ್ಲ ನಮ್ಮದು ಅಂತ ಮಗಳನ್ನು ಕರೆದರಂತೆ. "ಚಿಕ್ಕಪ್ಪಂಗೆ ಮದುವೆ ಬೇಡ, ಬ್ಯಾನರ್ ಬೇಕು" ಅಂದಳಂತೆ. ಇವಳು — ನನ್ನ ಹೆಂಡತಿ — ಹೇಳಿದ್ದು. ಮಗಳು ಈಗ ಅಮ್ಮನ ಹತ್ತಿರ ಮಾತ್ರ ಮಾತಾಡುತ್ತಾಳೆ.

ಚರ್ಚಿನಲ್ಲಿ ಅರ್ಧಕ್ಕರ್ಧ ಬೆಂಚುಗಳು ಖಾಲಿ. ಅಯ್ಯನವರು ಹೊಸ ಹಲ್ಲು ಹಾಕಿಕೊಂಡು ಬೋಧಿಸಿದರು. ಒಂದೊಂದು ಅಕ್ಷರವೂ ಸ್ಪಷ್ಟ. ವಿಷಯ: ಐಕ್ಯತೆ.

ಜುಲೈ 20, ಭಾನುವಾರ

ಬರುವ ಗುರುವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ. ಚರ್ಚೂ ಇಲ್ಲ, ಹಾಲೂ ಇಲ್ಲ.

"ನೀವು ಮಂಡಳಿಯ ಹಿರಿಯರಾಗಿ ಬರ್ತೀರೋ ಅಪ್ಪ ಆಗಿ ಬರ್ತೀರೋ, ಮೊದಲೇ ಹೇಳ್ಬಿಡಿ" ಅಂದಳು ಇವಳು. "ಇಬ್ರಿಗೂ ಕಾರಲ್ಲಿ ಜಾಗ ಇಲ್ಲ."

ನಗು ಬರಲಿಲ್ಲ. ಸಂಜೆ ಮಗಳೇ ಫೋನ್ ಮಾಡಿದಳು.

"ಅಪ್ಪ, ಒಂದೇ ಒಂದು ಕೇಳ್ತೀನಿ. ಸಹಿ ಆದ್ಮೇಲೆ ನೀನೇ ಒಂದು ಪ್ರಾರ್ಥನೆ ಮಾಡು. ಒಂದು ನಿಮಿಷ. ನಂಗೆ ಇನ್ಯಾರದ್ದೂ ಬೇಡ."

ಆಯ್ತು ಅಂದೆ. ಎರಡು ಸಲ ಅಂದೆ. ಅದೊಂದನ್ನಾದರೂ ಸರಿಯಾಗಿ ಮಾಡಿಕೊಟ್ಟರೆ ಅವಳು ನನಗೆ ಉಳಿಯುತ್ತಾಳೆ.

ಜುಲೈ 24, ಗುರುವಾರ

ಆಫೀಸಿನ ಉದ್ದನೆಯ ಪಡಸಾಲೆ. ಪ್ಲಾಸ್ಟಿಕ್ ಕುರ್ಚಿಗಳು, ಕೆಟ್ಟ ಫ್ಯಾನು, ಝೆರಾಕ್ಸ್ ಮಷಿನ್ನಿನ ಸದ್ದು. ಸಹಿ ಆಯಿತು. ಕಿಟಕಿಯ ಹತ್ತಿರ ನಿಂತೆವು. ಮಗಳು ತಲೆ ಬಗ್ಗಿಸಿದಳು. ಆ ಹುಡುಗನೂ ಬಗ್ಗಿಸಿದ. ಇಬ್ಬರ ತಲೆಯ ಮೇಲೂ ಕೈಯಿಟ್ಟೆ.

"ತಂದೆಯೇ, ಇವರನ್ನು ಕ್ಷಮಿಸಿ —"

ಯೋಚಿಸಿ ಆಡಿದ ಮಾತಲ್ಲ. ಮಂಡಳಿಯಲ್ಲಿ ಎಷ್ಟೋ ಸಲ ಹೇಳಿ ಹೇಳಿ ಬಾಯಿಗೆ ಕೂತಿತ್ತು. ಅಥವಾ ಒಳಗೇ ಇತ್ತೋ ಏನೋ... ಕೈಯ ಕೆಳಗೆ ಅವಳ ತಲೆ ಬಿಗಿಯಾದದ್ದು ತಿಳಿಯಿತು. ಗಾಬರಿಯಾಗಿ ನಿಲ್ಲಿಸಿಬಿಟ್ಟೆ. ಮುಂದಿನ ಪದ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಮುಂದೆ ಪದ ಬರದಿದ್ದರೆ 'ಕ್ಷಮಿಸಿ' ಅನ್ನುವುದೇ ಪೂರ್ತಿ ವಾಕ್ಯ. ಅದು ನನಗೆ ಅಲ್ಲಿ ನಿಂತಾಗ ಹೊಳೆಯಿತು.

ಮಗಳು ಕಾದಳು. ನಿಜವಾಗಿ ಕಾದಳು. ಆಮೇಲೆ ಅವಳೇ "ಆಮೆನ್" ಅಂದು ತಲೆ ಎತ್ತಿದಳು.

"ಆಯ್ತಪ್ಪ, ಸಾಕು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ನನ್ನ ತೋಳಿನ ಮೇಲೆ ಪ್ಲಾಸ್ಟರ್ ಪುಡಿ ಇತ್ತು. ನನ್ನ ಹೆಂಡತಿ ಒರೆಸಿದಳು.

ಆಗಸ್ಟ್ 10, ಭಾನುವಾರ

ಫೋನಿಲ್ಲ. ನಾನು ಮಾಡಿದರೆ ಅಳಿಯ ಎತ್ತುತ್ತಾನೆ. ಮರ್ಯಾದಸ್ಥ. "ಮಲಗಿದ್ದಾಳೆ ಮಾವ" ಅನ್ನುತ್ತಾನೆ, ಯಾವ ಹೊತ್ತಿಗೆ ಮಾಡಿದರೂ. ಮಗಳು ಇನ್ನು ಯಾವ ಚರ್ಚಿಗೂ ಬರುವುದಿಲ್ಲವಂತೆ, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸುವುದನ್ನೂ ಬಿಟ್ಟಿದ್ದಾಳಂತೆ. ಕನ್ಸರ್ವೇಟಿವ್‌ಗಳಿಗೂ ಸಿಗಲಿಲ್ಲ, ಲಿಬರಲ್‌ಗಳಿಗೂ ಸಿಗಲಿಲ್ಲ. ನಾವು ನಾವು ಜಗಳವಾಡಿ ಇಬ್ಬರೂ ಸೇರಿ ಅವಳನ್ನು ದೇವರಿಂದಲೇ ದೂರ ಅಟ್ಟಿದೆವು. ವಾಕ್ಯ ಹೊಂದಿಸಿಕೊಟ್ಟವನು ನಾನು.

ಇವತ್ತು ಆರಾಧನೆ ಮುಗಿದ ಮೇಲೆ ಕಬ್ಬಿಣದಂಗಡಿಯವರು ಕೈ ಹಿಡಿದು "ಆಶೀರ್ವಾದ ಕೊಡದೆ ಗಟ್ಟಿಯಾಗಿ ನಿಂತ್ರಿ" ಅಂದರು. ಕೈ ಬಿಡಿಸಿಕೊಳ್ಳಲಿಲ್ಲ. ಯಾಕೆ ಬಿಡಿಸಿಕೊಳ್ಳಲಿಲ್ಲ?

ಇವಳು ಈಗ ಟೀ ತಂದಿಟ್ಟು ಹೇಳಿದಳು — "ಬಾಯಲ್ಲಿ ಬರದಿದ್ರೆ ಬರೆದಾದ್ರೂ ಕೊಡಿ. ನಾನೇ ಹೋಗಿ ಅವಳ ಕೈಗೆ ಕೊಡ್ತೀನಿ. ಒಂದು ಸಾಲು. ಒಂದು ಸಾಲು ಬರೆಯಕ್ಕಾಗಲ್ವಾ ನಿಮ್ಗೆ?"

ಆಗುತ್ತೆ. ಯಾಕಾಗುವುದಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಂದೆಯೇ, ನನ್ನ ಮಗಳನ್ನು