ಹೆಸ್ಟರಳ ಮಗ

ಡನ್‌ಮೋರ್ ಕಡವು, ಕೆಂಟಕಿ
ಭಾನುವಾರ, ೧೪ ಜೂನ್ ೧೯೯೮

ಪ್ರೀತಿಯ ಲೂಷಿಯಸ್ ಅಣ್ಣಾ,

ಹೇಗಿದ್ದೀ? ಬಲಗೈಗೆ ಸ್ವಲ್ಪವಾದರೂ ಜೀವ ಬಂತೇ? ಜೋಳದ ಗಂಜಿ ತಂದರೆ ಬಾಯಿ ಬಿಗಿಹಿಡಿದು ಕೂರುತ್ತೀಯೆಂದು ನಿನ್ನ ಮಗಳು ವರ್ನೀಸ್ ಫೋನಿನಲ್ಲಿ ದೂರು ಹೇಳಿದಳು. ಮಾತು ನಿಂತರೂ ಹಟ ನಿಂತಿಲ್ಲವಲ್ಲ, ಸದ್ಯ ಎಂದೆ. ವರ್ನೀಸ್, ಇದನ್ನು ಅವನ ಒಳ್ಳೆಯ ಕಿವಿಯ ಕಡೆ ಕೂತು ನಿಧಾನವಾಗಿ ಓದು ತಾಯಿ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದದ್ದೇ.

ನಿನ್ನೆ ಹೆದ್ದಾರಿ ಬದಿಯ ಹೊಸ ಫಲಕದ ಮುಸುಕು ತೆಗೆದರು. ನೀನು ಮುಂದಿನ ಸಾಲಿನಲ್ಲಿ ಕೂರಬೇಕಿತ್ತು. ಹಳೆಯ ಫಲಕವನ್ನು ಕಿತ್ತು ಲಾರಿಯ ಹಿಂದೆ ಎಸೆದಾಗ ನಿನ್ನನ್ನೇ ನೆನೆದೆ. ಅಂತರ್ಯುದ್ಧದಲ್ಲಿ ಹೊಳೆ ದಾಟುವ ಈ ಕಡವನ್ನು ಕಾದವರೆಂದು ಕರ್ನಲ್‌ನ ಹೆಸರನ್ನೂ ಅವನ ಕುದುರೆಯ ಹೆಸರನ್ನೂ ಬರೆದಿದ್ದ ಆ ಪುಣ್ಯಾತ್ಮರಿಗೆ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗುಂಡು ಹಾರಿಸಿದ ನಮ್ಮ ಹನ್ನೊಂದು ಮಂದಿ ಕರಿಯ ಸಿಪಾಯಿಗಳು ಕಂಡಿರಲೇ ಇಲ್ಲ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮಾರನೆಯ ದಿನವೇ ನೀನು ಟೈಪ್‌ರೈಟರ್ ಮುಂದೆ ಕೂತೆ. "ಕುದ್ರೆಗಿಂತ ಕಡೆಯೇನೇ ನಮ್ಮಜ್ಜ?" ಎಂದು ನನ್ನನ್ನೇ ಗದರಿದ್ದೆ, ನಾನೇ ಬರೆಸಿದವಳ ಹಾಗೆ. ಫಲಕದ ಕಚೇರಿಗೆ ಹನ್ನೆರಡು ವರ್ಷ ಕಾಗದ ಬರೆದೆ ನೀನು. ಊರವರು ಹುಚ್ಚು ಮುದುಕ ಅಂದರು. ಅವರೇ ನಿನ್ನೆ ಕೋಳಿ ಹುರಿದು ತಂದಿದ್ದರು, ನಾಚಿಕೆ ಇಲ್ಲದವರು.

ಆರನೆಯ ಹೆಸರು ಅಜ್ಜನದು. ಹೇಗೆ ಹೇಳಲಿ, ಅಣ್ಣಾ? ಐಸಮ್ ಹೆಸ್ಟರ್ ಎಂದಿಲ್ಲ. ಐಸಮ್ ಪ್ರೂಯಿಟ್ ಎಂದಿದೆ. ಸೈನ್ಯಕ್ಕೆ ಸೇರುವ ದಿನ ಗುಮಾಸ್ತ ಯಾರ ಗುಲಾಮ ಎಂದು ಕೇಳಿ, ಒಡೆಯನ ಹೆಸರನ್ನೇ ಅಜ್ಜನ ಹೆಸರಿನ ಮುಂದೆ ಗೀಚಿಕೊಂಡಿದ್ದನಲ್ಲ, ಅದೇ. ಯುದ್ಧ ಮುಗಿದ ಮೇಲೆ ಅಜ್ಜ ಅದನ್ನು ಉಗಿದು ಬಿಸಾಡಿ, ತಾಯಿ ಹೆಸ್ಟರಳ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡದ್ದನ್ನು ನಿನಗೆ ನಾನು ಹೇಳಬೇಕೇ? ಅವನಿಗೆ ಏಳು ವರ್ಷವಾಗಿದ್ದಾಗ ಪ್ರೂಯಿಟ್ ಅವಳನ್ನು ದಕ್ಷಿಣಕ್ಕೆ ಮಾರಿದ್ದ. ನೀನು ಅಜ್ಜನ ತೊಡೆಯ ಮೇಲೆ ಕೂತು ಕೇಳಿದವನು. "ಅವ್ವ ಹುಡುಕ್ಕೊಂಡು ಬಂದ್ರೆ ಯಾವ ಹೆಸರು ಹೇಳಿ ಕೇಳ್ತಾಳೆ? ಅವಳ ಹೆಸರೇ ಇಟ್ಕೊಂಡಿದ್ರೆ ಸಿಕ್ತೀನಿ" ಅನ್ನುತ್ತಿದ್ದನಂತೆ. ಅವಳು ಬರಲೇ ಇಲ್ಲ. ನಾವು ಮಾತ್ರ ಹೆಸ್ಟರ್‌ಗಳಾಗಿ ಉಳಿದೆವು.

ಮುಸುಕು ಸರಿದಾಗ ನಾನು ಬಿಕ್ಕಿಬಿಕ್ಕಿ ಅತ್ತೆ. ಸಂತೋಷಕ್ಕೆ ಅಂದುಕೊಂಡು ಯಾರೋ ಬೆನ್ನು ತಟ್ಟಿದರು. ಪ್ರೂಯಿಟ್ ಮನೆಯ ಹೆಂಗಸೊಬ್ಬಳು ಬಂದು, ನಮ್ಮ ಮನೆತನದ ಹೆಸರೂ ಬಂತಲ್ಲ ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಕೆಟ್ಟವಳಲ್ಲ, ಪಾಪ, ಅಷ್ಟೇ ತಿಳಿವಳಿಕೆ. ಆ ಕೈಯನ್ನು ಮನೆಗೆ ಬಂದು ಎರಡು ಸಲ ತೊಳೆದೆ, ಸುಳ್ಳೇಕೆ ಹೇಳಲಿ. ನಮ್ಮ ಪಾದ್ರಿ ಎಂಬ್ರಿಯವರು ಸಿಟ್ಟಿನಿಂದ ಎದ್ದು ನಿಂತರು. ಫಲಕದ ಕಚೇರಿಯವರಿಗೆ ಕಣ್ಣು ಹಿಂದಲೆಯಲ್ಲಿದೆ, ಲೂಷಿಯಸ್ ಕಳಿಸಿದ ಒಂದು ಕಾಗದವನ್ನೂ ಅವರು ಓದಿಲ್ಲ ಎಂದು ಎಲ್ಲರೆದುರು ಬೈದರು. ಎಲ್ಲರೂ ಹೌದೆಂದರು. ನಾನೂ ತಲೆ ಆಡಿಸಿದೆ.

ಇಂದು ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹಿಡಿದು ಬೇಡಿಕೊಂಡರು. ಸಿನ್ಸಿನಾಟಿಯ ಸೆಕೆಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ಮಲಗು. ವರ್ನೀಸಳ ಮಕ್ಕಳ ತಲೆಗೆ ನನ್ನದೊಂದೊಂದು ಮುತ್ತು. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಒಬ್ಬಳೇ ತಂಗಿ,
ಓಲೆಟ್ಟಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಕಚೇರಿಯವರದೇನೂ ತಪ್ಪಿಲ್ಲ, ಅಣ್ಣಾ. ಮಾರ್ಚ್‌ನಲ್ಲಿ ನೀನು ಆಸ್ಪತ್ರೆಯಲ್ಲಿದ್ದಾಗ ಅವರ ಕಾಗದ ಬಂದಿತ್ತು. ಸೈನ್ಯದ ದಾಖಲೆಯಲ್ಲಿರುವ ಹೆಸರನ್ನೇ ಹಾಕುತ್ತೇವೆ, ಹೆಸ್ಟರ್ ಬೇಕೆಂದರೆ ಪುರಾವೆ ಕಳಿಸಿ, ಆದರೆ ಆಗ ಫಲಕ ಮುಂದಿನ ವರ್ಷಕ್ಕೆ ಹೋಗುತ್ತದೆ ಎಂದಿತ್ತು. ಪುರಾವೆ ನಿನ್ನ ಪೆಟ್ಟಿಗೆಯಲ್ಲೇ ಇತ್ತು. ನಾನು ಕಳಿಸಲಿಲ್ಲ. ಪ್ರೂಯಿಟ್ ಆಗಬಹುದೆಂದು ಸಹಿ ಹಾಕಿದೆ. ಅದೇ ವಾರ ಡಾಕ್ಟರು ನನ್ನನ್ನೂ ವರ್ನೀಸಳನ್ನೂ ಹೊರಗೆ ಕರೆದು, ನೀನು ಕ್ರಿಸ್‌ಮಸ್ ಕಾಣುವುದಿಲ್ಲ ಎಂದಿದ್ದರು. ನಿನಗೆ ಹೇಳಬಾರದೆಂದು ನಾವಿಬ್ಬರೇ ತೀರ್ಮಾನ ಮಾಡಿದೆವು. ವರ್ನೀಸ್, ನಿಲ್ಲಿಸಬೇಡ, ಓದು. ನೀನು ಇರುವಾಗಲೇ ಆ ಫಲಕ ನಿಲ್ಲಲಿ ಎಂಬ ಆಸೆ ನನಗೆ, ಅಷ್ಟೇ. ಅಜ್ಜನನ್ನು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಶನಿವಾರದ ಬಸ್ಸಿಗೆ ಬರುತ್ತೇನೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಗೋಡೆ ಕಡೆ ತಿರುಗಿ ಮಲಗು, ನಾನು ನಿನ್ನ ಬೆನ್ನ ಹಿಂದೆ ಕೂತಿರುತ್ತೇನೆ.